ಮಿಲ್ಲಿನ ಎಂಜಿನ್ನಿನ ಕಾರು ಮತ್ತು ಕೆರಿಯಪ್ಪನ ಬ್ರೇಕು

ಒಂದು ಗಾಡಿಯ ಎಂಜಿನ್ ಇಳಿಸಿ, ಅದರ ಜಾಗದಲ್ಲಿ ಅದಕ್ಕೆ ಸಂಬಂಧವೇ ಇಲ್ಲದ ಬೇರೊಂದು ಎಂಜಿನ್ ಕೂರಿಸುವ ಕೆಲಸವನ್ನು ನಾನು ಹನ್ನೊಂದು ಸಲ ಮಾಡಿದ್ದೇನೆ. ಹತ್ತರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಅವು ಓಡುವಷ್ಟು ದಿನ ಓಡಿದವು, ಆಮೇಲೆ ಗುಜರಿಗೆ ಹೋದವು. ಮೊದಲನೆಯದರ ಬಗ್ಗೆ ಬರೆಯಬೇಕಾಗಿದೆ. ಮೋಟಾರು ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಓದಲಿ ಎಂಬುದು ಒಂದು ಕಾರಣ. ಕೆರಿಯಪ್ಪ ಎಂಬ ಡ್ರೈವರ್ ಬ್ರೇಕ್ ತುಳಿದಿದ್ದ ಎಂಬ ಮಾತು ಎಲ್ಲಾದರೂ ಒಂದು ಕಡೆ ಬರಹದಲ್ಲಿ ಇರಲಿ ಎಂಬುದು ಇನ್ನೊಂದು. ಅವನು ತುಳಿಯಲಿಲ್ಲ ಎಂದು ಸರ್ಕಾರದ ಕಾಗದದಲ್ಲಿ ಇದೆ. ಆ ಕಾಗದದ ಕೆಳಗೆ ನನ್ನ ರುಜು ಇದೆ.

ಮುಂದೆ ನಾನು ದೊಡ್ಡ ವರ್ಕ್‌ಶಾಪುಗಳಲ್ಲಿ ಕೆಲಸ ಮಾಡಿದೆ, ಮೇಲಿನ ಜಾಗಕ್ಕೂ ಹೋದೆ. ಅದನ್ನೆಲ್ಲ ಬಿಟ್ಟುಬಿಡುತ್ತೇನೆ. ಕೆಲಸ ಕಲಿತದ್ದು ಶಿಕಾರಿಪುರದಲ್ಲಿ, ಈಶ್ವರಾಚಾರ್ರ ಗ್ಯಾರೇಜಿನಲ್ಲಿ. ಆಚಾರ್ರು ಹುಟ್ಟಿನಿಂದ ಕಮ್ಮಾರರು. ಗಾಡಿ ಚಕ್ರಕ್ಕೆ ಪಟ್ಟಿ ಹಾಕುತ್ತಿದ್ದ ಕುಲುಮೆಯನ್ನೇ ಗ್ಯಾರೇಜು ಮಾಡಿಕೊಂಡಿದ್ದರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕಬ್ಬಿಣವನ್ನು ಬೆರಳಿನಿಂದ ಮುಟ್ಟಿ, ಅದು ಎಲ್ಲಿ ಸೀಳುತ್ತದೆ ಎಂದು ಹೇಳುತ್ತಿದ್ದರು, ಅಲ್ಲೇ ಸೀಳುತ್ತಿತ್ತು.

ಅವರ ಗ್ಯಾರೇಜು ಬೀದಿಗಿಂತ ಒಂದಾಳಿನಷ್ಟು ಎತ್ತರದ ದಿಬ್ಬದ ಮೇಲಿತ್ತು. ಬೀದಿಯಿಂದ ಮೇಲಕ್ಕೆ ಒಂದು ಇಳಿಜಾರು. ಗಾಡಿಗಳು ಮೂತಿ ಮುಂದಾಗಿ ಹತ್ತಿ ಬರುತ್ತಿದ್ದವು. ಒಳಗೆ ತಿರುಗಿಸಲು ಜಾಗವಿರಲಿಲ್ಲ, ಹಾಗಾಗಿ ರಿಪೇರಿಯಾದ ಮೇಲೆ ಹಿಮ್ಮುಖವಾಗಿ ಇಳಿಯುತ್ತಿದ್ದವು. ಇಳಿಜಾರಿನ ಅರ್ಧದಲ್ಲಿ ಆಚಾರ್ರು ಒಂದು ಚಪ್ಪಡಿ ಕಲ್ಲು ಹುಗಿಸಿದ್ದರು. ಯಾವ ಗಾಡಿಯ ಬ್ರೇಕ್ ರಿಪೇರಿ ಮಾಡಿದರೂ ಅದನ್ನು ಹಿಂದಕ್ಕೆ ಉರುಳಲು ಬಿಟ್ಟು, ಅವರು ಕೈ ಎತ್ತಿದಾಗ ತುಳಿಯಬೇಕು. ಹಿಂದಿನ ಚಕ್ರ ಕಲ್ಲು ಮುಟ್ಟುವ ಮೊದಲು ನಿಂತರೆ ಗಾಡಿ ಪಾಸು. ಮುಟ್ಟಿದರೆ ಮತ್ತೆ ಮೇಲಕ್ಕೆ ತಳ್ಳಬೇಕು.

"ಕಲ್ಲು ಸುಳ್ಳು ಹೇಳಂಗಿಲ್ಲಲೇ," ಎನ್ನುತ್ತಿದ್ದರು.

ಆ ಪರೀಕ್ಷೆ ತಪ್ಪಲ್ಲ. ಇದನ್ನು ನಾನು ನಿಧಾನವಾಗಿ ಹೇಳಬೇಕು. ಆಗಿನ ಬ್ರೇಕುಗಳಲ್ಲಿ ಹೆಚ್ಚಿನವು ಗಾಡಿ ಮುಂದಕ್ಕೆ ಹೋಗುವಾಗ ಚೆನ್ನಾಗಿ ಹಿಡಿಯುವಂತೆ ಮಾಡಿದ್ದವು. ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಗೆ, ಅದನ್ನು ಉಜ್ಜಿ ನಿಲ್ಲಿಸುವ ಶೂಗಳಿರುತ್ತವೆ; ಚಕ್ರದ ತಿರುಗುವಿಕೆಯೇ ಅವನ್ನು ಇನ್ನಷ್ಟು ಒತ್ತುತ್ತಿತ್ತು. ಹಿಂದಕ್ಕೆ ಹೋಗುವಾಗ ಆ ಸಹಾಯ ಇರುವುದಿಲ್ಲ, ಹಿಡಿತ ಕಡಿಮೆ. ಆದ್ದರಿಂದ ಹಿಂದಕ್ಕೆ ಉರುಳುವಾಗ ನಿಂತ ಗಾಡಿ ಮುಂದಕ್ಕೆ ಹೋಗುವಾಗ ನಿಂತೇ ನಿಲ್ಲುತ್ತಿತ್ತು. ಎಷ್ಟೋ ವರ್ಷ, ಎಷ್ಟೋ ಬಸ್ಸು ಲಾರಿಗಳಿಗೆ ಕಲ್ಲು ನಿಜವನ್ನೇ ಹೇಳಿತ್ತು. ಒಂದೇ ಒಂದು ಕಾರಿಗೆ ಸುಳ್ಳು ಹೇಳಿತು.

ಆ ಕಾರು ಅಕ್ಕಿ ಮಿಲ್ಲಿನ ಚನ್ನಬಸಪ್ಪ ಸಾವ್ಕಾರ್ರದು. ಅವರ ತಂದೆ ಕೊಂಡಿದ್ದು. ಬಟ್ಟೆಯ ಮಾಡು, ಮರದ ಕಡ್ಡಿಗಳ ಚಕ್ರ, ಹಿತ್ತಾಳೆಯ ದೀಪ. ಹಡಗಿನಲ್ಲಿ ಬಂದ ಗಾಡಿ. ಬ್ರೇಕ್ ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಆ ಕಾಲದ ಗಾಡಿಗಳಲ್ಲಿ ಅದು ಇದ್ದದ್ದೇ. ಯಾರೋ ರೇಡಿಯೇಟರಿನ ನೀರು ನೋಡದೆ ಓಡಿಸಿದ್ದರಿಂದ ಎಂಜಿನ್ನಿನ ಮೈ, ಅಂದರೆ ಬ್ಲಾಕು, ಸೀಳಿತ್ತು. ಬದಲು ಬ್ಲಾಕು ಎಲ್ಲಿಯೂ ಸಿಗಲಿಲ್ಲ. ಕಾರು ಮಿಲ್ಲಿನ ಹಿಂದೆ ತಟ್ಟಿನ ಚೀಲ ಹೊದ್ದುಕೊಂಡು ನಿಂತಿತ್ತು. ಅಷ್ಟರಲ್ಲಿ ಊರಿಗೆ ಕರೆಂಟು ಬಂತು. ಮಿಲ್ಲಿಗೆ ಮೋಟರು ಬಂತು. ಅಲ್ಲಿಯವರೆಗೆ ಭತ್ತ ಕುಟ್ಟುತ್ತಿದ್ದ ಆಯಿಲ್ ಎಂಜಿನ್ನು ಕೆಲಸವಿಲ್ಲದೆ ಕೂತಿತು. ಸಾವ್ಕಾರ್ರು ಒಂದು ದಿನ ಗ್ಯಾರೇಜಿಗೆ ಬಂದು, ಕುಲುಮೆಯ ಹತ್ತಿರದ ಮಣೆಯ ಮೇಲೆ ಕೂತರು.

"ಆಚಾರ್ರೇ, ಎಂಜಿನ್ ಇಲ್ಲದ ಕಾರೊಂದೈತಿ. ಕಾರಿಲ್ಲದ ಎಂಜಿನ್ನೊಂದೈತಿ. ಎರಡಕ್ಕೂ ಲಗ್ನ ಮಾಡಿಬಿಡ್ರಿ."

"ಜಾತಕ ಕೂಡಬೇಕಲ್ರೀ ಸಾವ್ಕಾರ್ರೇ."

"ನೀವು ಕೂಡಿಸಿದ್ರ ಕೂಡ್ತತಿ. ನಮ್ಮಕ್ಕ ಮಂಡಿ ನೋವಿನಾಕಿ, ಬಸ್ ಹತ್ತಾಕಾಗಂಗಿಲ್ಲ. ಸೋಮವಾರ ತೊಗರ್ಸಿ ಮಲ್ಲಯ್ಯನ ಗುಡ್ಯಾಗ ಕೂರಬೇಕು ಅಂತಾಳ. ಪೆಟ್ರೋಲ್ ಕಾರು ಸಾಕೂ ತಾಕತ್ತು ನನಗಿಲ್ಲ. ಇದು ಕ್ರೂಡಾಯಿಲ್ ಕುಡದು ಹೋಗ್ತತಿ, ಬರ್ತತಿ."

ಅಕ್ಕ ಎಂದರೆ ಗೌರಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ಮನೆಯನ್ನೂ ಮಿಲ್ಲಿನ ಆಳುಗಳನ್ನೂ ಅವರೇ ನಡೆಸುತ್ತಿದ್ದರು. ನಾವು ಕಾರಿನ ಕೆಲಸ ಮಾಡಿದ ಎರಡೂವರೆ ತಿಂಗಳು ದಿನಾ ಮಧ್ಯಾಹ್ನ ನಮಗೆ ಮಜ್ಜಿಗೆ ಕಳಿಸಿದರು.

ಡ್ರೈವರ್ ಕೆರಿಯಪ್ಪ ಸೊರಬದವನು. ನನಗಿಂತ ಎರಡು ವರ್ಷ ದೊಡ್ಡವನು. ಮಿಲ್ಲಿನ ಲಾರಿ ಓಡಿಸುತ್ತಿದ್ದ. ಕಾರು ಕಟ್ಟುವಾಗ ಬಿಡುವಿದ್ದಾಗೆಲ್ಲ ಬಂದು ನನ್ನ ಜೊತೆ ಕೆಳಗೆ ಮಲಗಿ ಬೋಲ್ಟು ಹಿಡಿಯುತ್ತಿದ್ದ. ನನಗೆ ಇದ್ದ ಗೆಳೆಯ ಅವನೊಬ್ಬನೇ ಎಂದರೆ ಸುಳ್ಳಲ್ಲ.

ಕೆಲಸ ನಡೆದ ರೀತಿಯನ್ನು ಈಗಿನವರು ನಂಬಲಿಕ್ಕಿಲ್ಲ. ನಕ್ಷೆ ಇರಲಿಲ್ಲ. ಅಳತೆಗೆ ಬಿದಿರಿನ ಕಡ್ಡಿ, ಗುರುತಿಗೆ ಸುಣ್ಣ. ಮೂರು ಮಾವಿನ ದಿಮ್ಮಿ ನಿಲ್ಲಿಸಿ, ಚೈನ್ ಕಟ್ಟಿ ಎಂಜಿನ್ ಎತ್ತಿದೆವು. ಅದು ಹಳೆಯ ಎಂಜಿನ್ನಿನ ಎರಡರಷ್ಟು ಭಾರ. ಮುಂದಿನ ಸ್ಪ್ರಿಂಗು ಕುಸಿಯಿತು. ಗಾಡಿ ಚಕ್ರದ ಪಟ್ಟಿಯನ್ನು ಕಾಯಿಸಿ ಬಡಿದು ಸ್ಪ್ರಿಂಗಿನ ಎಲೆಗಳ ಜೊತೆ ಎರಡು ಎಲೆ ಹೆಚ್ಚು ಹಾಕಿದೆವು. ಎಂಜಿನ್ನಿನ ಗಾಲಿಯನ್ನು ಗೇರ್‌ಬಾಕ್ಸಿಗೆ ಸೇರಿಸುವ ತಟ್ಟೆಯನ್ನು ಆಚಾರ್ರು ಮೂರು ಸಲ ಮಾಡಿದರು. ಮೂರನೆಯದು ಕೂದಲೆಳೆಯಷ್ಟೂ ಓಲಾಡಲಿಲ್ಲ. ಆ ಸಂಜೆ ಅವರು ಅದನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದು ನನಗೆ ಈಗಲೂ ಕಾಣುತ್ತದೆ. ಅಷ್ಟು ಸಂತೋಷದಲ್ಲಿ ಅವರನ್ನು ಮತ್ತೆ ನೋಡಲಿಲ್ಲ.

ಮೊದಲ ಸಲ ಓಡಿಸುವ ದಿನ ಕಾರನ್ನು ಬೀದಿಗೆ ಇಳಿಸಿ ನಿಲ್ಲಿಸಿದೆವು. ಗೌರಕ್ಕ ತಾವೇ ಬಂದು ಕುಂಕುಮ ಹಚ್ಚಿ, ಕಾಯಿ ಒಡೆದು, ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ಇಬ್ಬರು ಹ್ಯಾಂಡಲ್ ಹಾಕಿ ತಿರುಗಿಸಿದಾಗ ಎಂಜಿನ್ ಮಿಲ್ಲಿನಲ್ಲಿ ಕೂಗುತ್ತಿದ್ದ ಹಾಗೆಯೇ ಕೂಗಿತು. ನೆರೆದವರು ಚಪ್ಪಾಳೆ ತಟ್ಟಿದರು. ಕೆರಿಯಪ್ಪ ಒಂದನೇ ಗೇರು ಹಾಕಿ ಕ್ಲಚ್ ಬಿಟ್ಟ. ಕಾರು ನೆಟ್ಟಗೆ ಹಿಂದಕ್ಕೆ ಹೋಗಿ, ಎದುರು ಸಾಲಿನ ಬಳೆ ಅಂಗಡಿಯ ಜಗಲಿಗೆ ಗುದ್ದಿತು.

ಗೌರಕ್ಕ ಬಗ್ಗಿ ನೋಡಿದರು.

"ನಿಂಬೆಹಣ್ಣು ಹಂಗೇ ಅದಾವಲ್ರೀ ಆಚಾರ್ರೇ!"

ಕೆರಿಯಪ್ಪ ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದ. "ಅಮ್ಮಾ, ಇದಕ್ಕೆ ತೊಗರ್ಸಿಗಿಂತ ಮನೆ ಮೇಲೇ ಆಸೆ ಜಾಸ್ತಿ. ಮೂರು ಗೇರು ಹಿಂದಕ್ಕೆ, ಒಂದು ಗೇರು ಮುಂದಕ್ಕೆ."

ಮಿಲ್ಲಿನ ಎಂಜಿನ್ನು ಕಾರಿನ ಎಂಜಿನ್ನಿಗೆ ವಿರುದ್ಧ ದಿಕ್ಕಿಗೆ ತಿರುಗುತ್ತಿತ್ತು. ಎರಡೂವರೆ ತಿಂಗಳಲ್ಲಿ ಅದನ್ನು ನಾವಿಬ್ಬರೂ ನೋಡಿರಲಿಲ್ಲ. ನೋಡಿದ್ದೆವು, ಗಮನಿಸಿರಲಿಲ್ಲ. ಬೆಲ್ಟು ಹಾಕಿ ಭತ್ತ ಕುಟ್ಟುವಾಗ ದಿಕ್ಕಿನ ಚಿಂತೆಯಿಲ್ಲ. ಬೆಲ್ಟನ್ನು ತಿರುಚಿ ಹಾಕಿದರೆ ಆಯಿತು.

ಆಚಾರ್ರು ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನನ್ನನ್ನು ಕರೆದು ಅಂಗೈ ಚಾಚಿದರು. ಅದನ್ನು ನಿಧಾನವಾಗಿ ಮಗುಚಿದರು.

"ಹಿಂದಿನ ಆಕ್ಸಲ್ ಮಗುಚಿ ಹಾಕಲೇ ಪರ್ಮೇಶಿ. ಮ್ಯಾಲಿಂದು ಕೆಳಗ. ಎಡಕಿಂದು ಬಲಕ್ಕ."

ಈ ಉಪಾಯವನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಹಿಂದಿನ ಎರಡು ಚಕ್ರಗಳನ್ನು ಕೂಡಿಸುವ ಅಚ್ಚೇ ಆಕ್ಸಲ್, ಅದರ ಹೊಟ್ಟೆಯೊಳಗೆ ದೊಡ್ಡ ಹಲ್ಲಿನ ಚಕ್ರವೊಂದು ಇರುತ್ತದೆ. ಆಕ್ಸಲ್ಲನ್ನು ಮಗುಚಿದರೆ ಅದು ಆಚೆ ಮಗ್ಗುಲಿಗೆ ಹೋಗುತ್ತದೆ, ಆಗ ಚಕ್ರಗಳು ಉಲ್ಟಾ ತಿರುಗುತ್ತವೆ. ಉಲ್ಟಾದ ಉಲ್ಟಾ ಎಂದರೆ ಸುಲ್ಟಾ. ಕಾರು ಮುಂದಕ್ಕೆ ಹೋಗುತ್ತದೆ. ಇಂಗ್ಲಿಷ್ ಪುಸ್ತಕ ಓದದ ಮನುಷ್ಯ ಮೂರು ದಿನ ಯೋಚಿಸಿ ಇದನ್ನು ಕಂಡುಹಿಡಿದರು.

ಮಗುಚಿ ಕೂರಿಸಿದವನು ನಾನು. ಸ್ಪ್ರಿಂಗು ಕೂರುವ ಜಾಗ ಬದಲಾಯಿಸಿದೆ. ಎಣ್ಣೆ ಹಾಕುವ ತೂತು ಕೆಳಗೆ ಬಂತು. ಅದನ್ನು ಮುಚ್ಚಿ ಮೇಲೆ ಹೊಸದು ಕೊರೆದೆ. ಕೆಳಮುಖವಾಗಿದ್ದ ಬ್ರೇಕಿನ ಲಿವರುಗಳು ಮೇಲ್ಮುಖವಾದವು. ಅವಕ್ಕೆ ಹೊಸ ಸರಳು ಮಾಡಿ ಪೆಡಲಿಗೆ ಜೋಡಿಸಿದೆ. ಪೆಡಲ್ ತುಳಿದಾಗ ಲಿವರ್ ಎಳೆಯುತ್ತದೆ, ಲಿವರ್ ಎಳೆದಾಗ ಶೂ ಅಗಲವಾಗುತ್ತದೆ. ಇಷ್ಟು ನೋಡಿ, ಬ್ರೇಕ್ ಸರಿಯಾಯಿತು ಎಂದುಕೊಂಡೆ.

ಕಲ್ಲಿನ ಪರೀಕ್ಷೆ ಮಾಡಿದೆವು. ನಾನೇ ಕೂತೆ. ಕಾರು ಹಿಂದಕ್ಕೆ ಉರುಳಿತು, ಆಚಾರ್ರು ಕೈ ಎತ್ತಿದರು, ನಾನು ತುಳಿದೆ. ಕಾರು ನಿಂತ ರಭಸಕ್ಕೆ ನನ್ನ ತಲೆ ಹಿಂದಕ್ಕೆ ಬಡಿಯಿತು. ಕಲ್ಲು ಇನ್ನೂ ಎರಡು ಮೊಳ ದೂರವಿತ್ತು. ಯಾವ ಗಾಡಿಯೂ ಅಷ್ಟು ಬೇಗ ನಿಂತದ್ದನ್ನು ನಾವು ನೋಡಿರಲಿಲ್ಲ. ಆಚಾರ್ರು ಬಾನೆಟ್ಟಿನ ಮೇಲೆ ತಟ್ಟಿ, "ಹುಲಿ!" ಎಂದರು. ಯಾವತ್ತಿಗಿಂತ ಚೆನ್ನಾಗಿ ಯಾಕೆ ನಿಂತಿತು ಎಂದು ನಾನು ಕೇಳಬೇಕಿತ್ತು. ಕೆಟ್ಟದ್ದಾದರೆ ಕಾರಣ ಹುಡುಕುತ್ತೇವೆ, ಒಳ್ಳೆಯದಾದರೆ ಹುಡುಕುವುದಿಲ್ಲ. ಹೊಸಬರು ಇದನ್ನು ನೆನಪಿಡಬೇಕು.

ಕಾರು ಓಡಿತು. ಒಂದು ಕೊರತೆ ಮಾತ್ರ ಉಳಿಯಿತು. ಹಲ್ಲುಗಳು ತಮ್ಮ ಬೆನ್ನಿನ ಕಡೆಯಿಂದ ಒತ್ತಿಸಿಕೊಂಡು ತಿರುಗುತ್ತಿದ್ದುದರಿಂದ ಆಕ್ಸಲ್ಲು ಉದ್ದಕ್ಕೂ ಊಳಿಡುತ್ತಿತ್ತು. ತಾಳಗುಂದದ ದಾರಿಯಲ್ಲಿ ಕಾರು ಹೊರಟರೆ ಗದ್ದೆಯಲ್ಲಿದ್ದವರು ಎದ್ದು ನಿಂತು ನೋಡುತ್ತಿದ್ದರು. ಗೌರಕ್ಕ ಸೆರಗಿನಿಂದ ಕಿವಿ ಮುಚ್ಚಿಕೊಂಡೇ ಸೋಮವಾರ ಸೋಮವಾರ ತೊಗರ್ಸಿಗೆ ಹೋಗಿ ಬಂದರು. ಸಮತಟ್ಟು ದಾರಿ, ನಿಧಾನದ ಎಂಜಿನ್ನು. ಎಂಜಿನ್ನಿಗೆ ಎಣ್ಣೆ ಬಿಡುವ ಲಿವರ್ ಮುಚ್ಚಿದರೆ ಕಾರು ಗೇರಿನಲ್ಲೇ ನಿಲ್ಲುತ್ತಿತ್ತು. ಬ್ರೇಕಿಗೆ ಕೆಲಸವೇ ಇರಲಿಲ್ಲ.

ಆದರೂ ಕೆರಿಯಪ್ಪನಿಗೆ ಗೊತ್ತಾಗಿತ್ತು. ಇದನ್ನು ನಾನು ಮುಚ್ಚಿಡಬಾರದು. ಎರಡು ಸಲ ಬಂದು ಹೇಳಿದ.

ಮೊದಲ ಸಲ, "ಎಂತದೋ ಸ್ವಲ್ಪ ಜಾರ್ತದೆ ಮಾರಾಯ. ತುಳಿದ್ರೆ ಹೂಂ ಅಂತದೆ, ಹಿಡಿಯದಿಲ್ಲ."

ಕಾರನ್ನು ಇಳಿಜಾರಿಗೆ ಹತ್ತಿಸಿ, ಹಿಂದಕ್ಕೆ ಬಿಟ್ಟು, ಅವನ ಎದುರೇ ನಿಲ್ಲಿಸಿ ತೋರಿಸಿದೆ. ಅವನು ತಲೆ ಕೆರೆದುಕೊಂಡು ಹೋದ.

ಎರಡನೇ ಸಲ ಬಂದಾಗ ನಾನು ಒಂದು ಬಸ್ಸಿನ ಕೆಳಗಿದ್ದೆ. ಹೊರಗೆ ಬರದೆಯೇ, "ಕಾಲಿಗೆ ಸ್ವಲ್ಪ ಅನ್ನ ಹಾಕಪಾ ಡ್ರೈವರ್ರೇ, ಭಾರದ ಗಾಡಿ ಅದು," ಎಂದೆ.

"ಹೌದಾ? ಹಂಗಾರೆ ಇವತ್ತಿಂದ ಎರಡು ಮುದ್ದೆ ಜಾಸ್ತಿ," ಎಂದ. ಅವನು ಹೋಗುವುದು ಬಸ್ಸಿನ ಕೆಳಗಿನಿಂದ ಕಾಣಿಸಿತು. ಚಪ್ಪಲಿ ಹಾಕಿದ ಅವನ ಕಾಲುಗಳು ಮಾತ್ರ.

ಮುಂದಿನದನ್ನು ನಾನು ನೋಡಿಲ್ಲ. ಕೆರಿಯಪ್ಪ ಹೇಳಿದ್ದು ಮತ್ತು ಅಂದು ಸೇತುವೆಯ ಮೇಲಿದ್ದ ಒಬ್ಬ ಎತ್ತಿನ ಗಾಡಿಯವನು ಹೇಳಿದ್ದು, ಎರಡನ್ನೂ ಕೂಡಿಸಿ ಬರೆಯುತ್ತಿದ್ದೇನೆ. ಇಬ್ಬರ ಮಾತಿನಲ್ಲೂ ವ್ಯತ್ಯಾಸವಿರಲಿಲ್ಲ.

ಗೌರಕ್ಕನಿಗೆ ಚಂದ್ರಗುತ್ತಿಯ ಅಮ್ಮನಿಗೆ ಒಂದು ಹರಕೆ ಇತ್ತು. ಹೋಗುವಾಗ ಏರು, ಎಂಜಿನ್ನು ಎಳೆಯಿತು. ವಾಪಸು ಬರುವಾಗ ಗೌರಕ್ಕನಿಗೆ ತಲೆನೋವು ಬಂದಿತ್ತು. ಒಂದು ಉದ್ದನೆಯ ಇಳಿಜಾರಿನ ತುದಿಯಲ್ಲಿ ಅವರು, "ಈ ಊಳು ಒಂದು ಗಳಿಗೆ ನಿಲ್ಸಾಕ ಬರಂಗಿಲ್ಲೇನೋ ಕೆರ್ಯಾ," ಎಂದರು. ಕೆರಿಯಪ್ಪ ಗೇರು ತೆಗೆದು ನ್ಯೂಟ್ರಲ್ಲಿಗೆ ಹಾಕಿದ. ಊಳು ನಿಂತಿತು. ಇಳಿಜಾರಿನಲ್ಲಿ ಹಾಗೆ ಮಾಡಬಾರದು ಎಂದು ಈಗ ಎಲ್ಲರಿಗೂ ಕಲಿಸುತ್ತಾರೆ. ಆಗ ಎಲ್ಲ ಡ್ರೈವರುಗಳೂ ಮಾಡುತ್ತಿದ್ದರು. ಬ್ರೇಕಿನ ಮೇಲೆ ನಂಬಿಕೆಯಿಟ್ಟು ಮಾಡುತ್ತಿದ್ದರು.

ಇಳಿಜಾರಿನ ಬುಡದಲ್ಲಿ ಹಳ್ಳ, ಅದಕ್ಕೊಂದು ಇಕ್ಕಟ್ಟಿನ ಸೇತುವೆ. ಸೇತುವೆಯ ಮೇಲೆ ಸೌದೆ ಗಾಡಿ. ಕೆರಿಯಪ್ಪ ದೂರದಿಂದಲೇ ಬ್ರೇಕ್ ತುಳಿದ. ಕಾರು ನಿಲ್ಲಲಿಲ್ಲ. ಗೇರು ಹಾಕಲು ನೋಡಿದ. ಆ ನಿಧಾನದ ಎಂಜಿನ್ನಿಗೆ ಅಷ್ಟು ವೇಗದಲ್ಲಿ ಗೇರು ಕೂಡುವುದಿಲ್ಲ, ಹಲ್ಲು ಕಿರುಗುಟ್ಟಿತು. ಕೈಬ್ರೇಕ್ ಎಳೆದ, ಅದು ಎಳೆಯುವುದೂ ಅದೇ ಶೂಗಳನ್ನು. ಗಾಡಿಯ ಮೇಲಿದ್ದ ಮನುಷ್ಯ ತಿರುಗಿ ನೋಡಿದ. ಕೆರಿಯಪ್ಪ ಸ್ಟೀರಿಂಗನ್ನು ಎಡಕ್ಕೆ ಎಳೆದು, ಕಾರನ್ನು ದಂಡೆಗೆ ಹತ್ತಿಸಿದ. ಕಾರು ಮಗುಚಿ ಚರಂಡಿಗೆ ಬಿತ್ತು. ಗಾಡಿಯವನಿಗೂ ಎತ್ತುಗಳಿಗೂ ಏನೂ ಆಗಲಿಲ್ಲ. ಕೆರಿಯಪ್ಪನ ಎಡಗೈ ಮೊಣಕೈ ಹತ್ತಿರ ಜಜ್ಜಿತು. ಗೌರಕ್ಕ ಅಲ್ಲೇ ತೀರಿಕೊಂಡರು.

ಎರಡು ದಿನದ ಮೇಲೆ ಬ್ರೇಕ್ ಇನ್‌ಸ್ಪೆಕ್ಟರ್ರು ಬಂದರು. ಅಪಘಾತದ ಗಾಡಿ ಪರೀಕ್ಷೆ ಮಾಡುವ ಅಧಿಕಾರಿಯನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಆಚಾರ್ರನ್ನೂ ನನ್ನನ್ನೂ ಕರೆಸಿದರು. ಕಾರನ್ನು ಎತ್ತಿ ನೇರ ಮಾಡಿದರು. ಮೂತಿ ಚರಂಡಿಯಲ್ಲಿ ಹೂತಿದ್ದರಿಂದ ಹಿಂದಿನಿಂದ ಹಗ್ಗ ಕಟ್ಟಿ, ಎರಡು ಜೊತೆ ಎತ್ತುಗಳಿಂದ ರಸ್ತೆಗೆ ಎಳೆಸಬೇಕಾಯಿತು. ಇನ್‌ಸ್ಪೆಕ್ಟರ್ರು ನನಗೆ, "ನೀನೇ ಫಿಟ್ ಮಾಡಿದ್ದೇನಪ್ಪ? ಹತ್ತಿ ಕೂತ್ಕೋ. ನಾನು ಹೇಳಿದಾಗ ತುಳಿ," ಎಂದರು.

ಎತ್ತುಗಳು ಕಾರನ್ನು ಹಿಂದಕ್ಕೆ ಎಳೆಯುತ್ತಿದ್ದವು. ತುಳಿ ಎಂದರು, ತುಳಿದೆ. ಎತ್ತುಗಳು ನಿಂತುಬಿಟ್ಟವು. ಹೊಡೆದರೂ ಕದಲಲಿಲ್ಲ. ಹಿಂದಿನ ಚಕ್ರಗಳು ತಿರುಗದೆ ಮಣ್ಣಿನಲ್ಲಿ ಎರಡು ಗೆರೆ ಕೊರೆದಿದ್ದವು.

"ಇನ್ನೇನು ಬೇಕು?" ಎಂದರು ಇನ್‌ಸ್ಪೆಕ್ಟರ್ರು. ಕಾಗದ ಬರೆದರು. ಬ್ರೇಕ್ ಸುಸ್ಥಿತಿಯಲ್ಲಿದೆ, ಚಾಲಕ ಅದನ್ನು ಉಪಯೋಗಿಸಿಲ್ಲ. ನಾನು ರುಜು ಮಾಡಿದೆ. ನನ್ನ ಕಾಲಿಗೆ ಗೊತ್ತಾದದ್ದಕ್ಕೆ ನಾನು ರುಜು ಮಾಡಿದೆ. ಆ ಹೊತ್ತಿನಲ್ಲಿ ನನಗೆ ಒಂದು ರೀತಿಯ ಸಮಾಧಾನವೂ ಆಯಿತು ಎಂಬುದನ್ನು ಬರೆಯಲೇಬೇಕು. ನನ್ನ ಕೆಲಸ ಸರಿಯಿತ್ತು.

ಸೊರಬದ ಆಸ್ಪತ್ರೆಗೆ ಹೋಗಿ ಕೆರಿಯಪ್ಪನನ್ನು ನೋಡಿದೆ. ಕೈಗೆ ಪಟ್ಟಿ ಸುತ್ತಿದ್ದರು. ನನ್ನನ್ನು ನೋಡಿದ ತಕ್ಷಣ ಎದ್ದು ಕೂತ.

"ತುಳಿದಿದ್ದೆ ಕಣಾ ಪರ್ಮೇಶಿ. ಎದ್ದು ನಿಂತು ತುಳಿದೆ. ಗೋಡೆ ತುಳಿದಂಗೆ ಆತು, ಕಾರು ಹೋಗ್ತಾನೇ ಇತ್ತು."

ಅವನಿಗೆ ನೋವಾಗದಂತೆ ಹೇಳಬೇಕು ಎಂದುಕೊಂಡೆ. "ಗಾಬರಿಯಾಗಿರ್ತತಿ ಕೆರಿಯಪ್ಪ. ಬ್ರೇಕ್ ಅಂತ ಎಡಗಾಲಿನ ಕ್ಲಚ್ ತುಳಿದಿರ್ತೀಯ. ಎಷ್ಟೋ ಜನಕ್ಕ ಹಂಗಾಗ್ತತಿ."

ಅವನು ನನ್ನ ಮುಖವನ್ನೇ ನೋಡಿದ. "ಕ್ಲಚ್ಚಾ?" ಎಂದ. ಕೆಳಗೆ ತನ್ನ ಎರಡೂ ಕಾಲುಗಳನ್ನು ನೋಡಿಕೊಂಡ.

ಕೋರ್ಟಿನಲ್ಲಿ ಅವನ ಪರವಾಗಿ ಹೇಳಿದವನು ಸೌದೆ ಗಾಡಿಯವನು ಒಬ್ಬನೇ. "ಆ ಮನುಷ್ಯ ನನ್ನ ಉಳಿಸಾಕೆ ಅಂತ್ಲೇ ತಿರುಗಿಸಿದ ಸ್ವಾಮಿ," ಎಂದ. ಅದರಿಂದ ಏನೂ ಆಗಲಿಲ್ಲ. ಕಾಗದವಿತ್ತು. ನ್ಯೂಟ್ರಲ್ ಮಾಡಿದ್ದನ್ನು ಕೆರಿಯಪ್ಪನೇ ಒಪ್ಪಿಕೊಂಡಿದ್ದ. ಜೈಲಾಯಿತು, ಲೈಸೆನ್ಸು ಹೋಯಿತು.

ಒಂದು ವರ್ಷ ಕಳೆದಿರಬಹುದು. ಮುರಿದ ಕಾರು ಮಿಲ್ಲಿನ ಹಿಂದೆ ಬಿದ್ದಿತ್ತು. ಅದರ ಹಿಂದಿನ ಆಕ್ಸಲ್ಲಿನಿಂದ ಒಂದು ಟೈರು ಗಾಡಿ ಮಾಡಿಕೊಡಿ ಎಂದು ಸಾವ್ಕಾರ್ರು ನಮ್ಮಲ್ಲಿಗೆ ಕಳಿಸಿದರು. ಎತ್ತಿನ ಗಾಡಿಗೆ ಹಳೆಯ ಮೋಟಾರು ಆಕ್ಸಲ್ ಹಾಕುವುದು ಆಗ ಹೊಸದಾಗಿ ಬಂದಿತ್ತು. ಹೊಟ್ಟೆಯೊಳಗಿನ ಹಲ್ಲು ತೆಗೆದು, ಬ್ರೇಕ್ ಕಳಚಿ ಕೊಡುವುದು ನನ್ನ ಕೆಲಸ.

ಆಕ್ಸಲ್ಲನ್ನು ಎರಡು ಮರದ ಸ್ಟ್ಯಾಂಡುಗಳ ಮೇಲೆ, ಕಾರಿನಲ್ಲಿದ್ದ ಹಾಗೆಯೇ ಇಟ್ಟಿದ್ದೆ. ಬ್ರೇಕಿನ ಲಿವರ್ ಎಳೆದು ತಂತಿ ಕಟ್ಟಿತ್ತು; ಯಾರು ಕಟ್ಟಿದ್ದರೋ ಗೊತ್ತಿಲ್ಲ, ಸ್ವಲ್ಪ ಸಡಿಲವಾಗಿದ್ದರಿಂದ ಬ್ರೇಕು ಅರ್ಧ ತುಳಿದಂತಿತ್ತು. ಡ್ರಮ್ಮು ಬಿಚ್ಚಲು ಅದನ್ನು ಕೈಯಿಂದ ತಿರುಗಿಸಿದೆ. ಮುಂದಕ್ಕೆ ತಿರುಗಿಸಿದೆ, ಉಜ್ಜಿಕೊಂಡು ತಿರುಗಿತು. ಸುಮ್ಮನೆ ಹಿಂದಕ್ಕೆ ತಿರುಗಿಸಿದೆ. ಕಚ್ಚಿಕೊಂಡು ನಿಂತಿತು.

ಮತ್ತೆ ಮುಂದಕ್ಕೆ. ತಿರುಗಿತು. ಮತ್ತೆ ಹಿಂದಕ್ಕೆ. ನಿಂತಿತು.

ಎಷ್ಟು ಸಲ ಹಾಗೆ ಮಾಡಿದೆನೋ ತಿಳಿಯದು. ಆಮೇಲೆ ಡ್ರಮ್ಮು ಕಳಚಿದೆ. ಶೂಗಳನ್ನು ಹೊತ್ತ ತಟ್ಟೆಯ ಬೆನ್ನಿನಲ್ಲಿ, ಎಡಚಕ್ರದ್ದಕ್ಕೆ ಒಂದು ಚುಕ್ಕಿ, ಬಲಚಕ್ರದ್ದಕ್ಕೆ ಎರಡು ಚುಕ್ಕಿ ಹೊಡೆದಿರುತ್ತಾರೆ. ಬಲಕ್ಕೆ ಒಂದು ಚುಕ್ಕಿ ಇತ್ತು. ಎಡಕ್ಕೆ ಎರಡು.

ಆಕ್ಸಲ್ ಮಗುಚಿದಾಗ ಅದರ ಜೊತೆ ಬ್ರೇಕ್ ತಟ್ಟೆಗಳೂ ಅದಲುಬದಲಾಗಿದ್ದವು. ಮುಂದಕ್ಕೆ ಹಿಡಿಯುವ ಬ್ರೇಕು ಹಿಂದಕ್ಕೆ ಹಿಡಿಯುವ ಬ್ರೇಕಾಗಿತ್ತು. ಎರಡರಷ್ಟು ಭಾರದ ಎಂಜಿನ್ ಹೊತ್ತ ಕಾರು ಇಳಿಜಾರಿನಲ್ಲಿ ಮುಂದಕ್ಕೆ ಹೋಗುವಾಗ ಅದರಲ್ಲಿ ಹಿಡಿತ ಇರಲಿಲ್ಲ. ಕಲ್ಲಿನ ಕಡೆಗೆ ಹಿಂದಕ್ಕೆ ಉರುಳುವಾಗ ಇತ್ತು. ಎತ್ತುಗಳು ಹಿಂದಕ್ಕೆ ಎಳೆಯುವಾಗ ಇತ್ತು. ತಟ್ಟೆಗಳನ್ನು ಬಿಚ್ಚಿ, ಆಚೆಯದನ್ನು ಈಚೆ, ಈಚೆಯದನ್ನು ಆಚೆ ಹಾಕಬೇಕಿತ್ತು. ಒಂದು ತಟ್ಟೆಗೆ ನಾಲ್ಕು ಬೋಲ್ಟು. ಅರ್ಧ ದಿನದ ಕೆಲಸ.

ಆಚಾರ್ರನ್ನು ಕರೆದೆ. ಡ್ರಮ್ಮನ್ನು ಮತ್ತೆ ಹಾಕಿ, ಅವರ ಕೈಯನ್ನು ಅದರ ಮೇಲೆ ಇಟ್ಟೆ. ಅವರು ಮುಂದಕ್ಕೆ ತಿರುಗಿಸಿದರು, ಹಿಂದಕ್ಕೆ ತಿರುಗಿಸಿದರು. ಅಂಗೈಯನ್ನು ನೋಡಿಕೊಂಡರು, ಅಂದು ನನ್ನೆದುರು ಮಗುಚಿ ತೋರಿಸಿದ್ದ ಅಂಗೈ.

"ಶಿವನೇ," ಎಂದರು. ಎದ್ದು ಹಾರೆ ತೆಗೆದುಕೊಂಡು ಇಳಿಜಾರಿಗೆ ಹೋಗಿ ಕಲ್ಲನ್ನು ಕೀಳತೊಡಗಿದರು. ಸಹಾಯಕ್ಕೆ ಹೋದರೆ, "ಬ್ಯಾಡ, ನೀ ಆಕಡೆ ಹೋಗು," ಎಂದರು. ಸಂಜೆಯವರೆಗೂ ಒಬ್ಬರೇ ಕಿತ್ತರು.

ನಾವು ಸುಮ್ಮನಿರಲಿಲ್ಲ. ಸಾವ್ಕಾರ್ರ ಮನೆಗೆ ಹೋದೆವು. ಆಚಾರ್ರು ನಿಂತೇ ಹೇಳಿದರು. ಸಾವ್ಕಾರ್ರು ಪೂರ್ತಿ ಕೇಳಿದರು. "ಕೆರಿಯಪ್ಪನ ಮೇಲೆ ಸಿಟ್ಟು ಇಟ್ಕಂಡು ಒಂದು ವರ್ಷ ಕಳೆದೆ," ಎಂದರು. "ಈಗ ನಿಮ್ಮ ಮೇಲೆ ಇಡಬೇಕೇನ್ರೀ ಆಚಾರ್ರೇ? ಸಾಕಾಗೈತ್ರೀ ನನಗ. ಹೋಗ್ರಿ." ವಕೀಲರೊಬ್ಬರ ಹತ್ತಿರ ಹೋದೆವು. ಮೇಲ್ಮನವಿಯ ಕಾಲ ಕಳೆದಿದೆ, ಆಕ್ಸಲ್ಲು ಕಾರಿನಿಂದ ಬೇರೆಯಾಗಿದೆ, ಅದು ಹೇಗಿತ್ತು ಎನ್ನುವುದಕ್ಕೆ ನಿಮ್ಮ ಮಾತು ಬಿಟ್ಟು ಏನಿದೆ, ನಿಮ್ಮ ಮಾತೇ ಕಾಗದದಲ್ಲಿ ಬೇರೆ ಇದೆಯಲ್ಲ ಎಂದರು. ಇನ್‌ಸ್ಪೆಕ್ಟರ್ರಿಗೆ ವರ್ಗವಾಗಿತ್ತು. ಅರ್ಜಿ ಬರೆದು ಕಳಿಸಿದೆ. ಮತ್ತೊಂದು ಕಳಿಸಿದೆ. ಉತ್ತರ ಬರಲಿಲ್ಲ.

ಅಲ್ಲಿಂದ ಮುಂದೆ ಆಚಾರ್ರು ಯಾವ ಗಾಡಿಯನ್ನೂ ಪಾಸು ಎನ್ನಲಿಲ್ಲ. ಬ್ರೇಕ್ ಕೆಲಸ ಮುಗಿದರೆ ನನ್ನ ಕಡೆ ನೋಡುತ್ತಿದ್ದರು. ನಾನು ಗಾಡಿಯನ್ನು ಊರಾಚೆ ಒಯ್ದು, ಏರಿನಲ್ಲಿ, ಇಳಿಜಾರಿನಲ್ಲಿ, ಮುಂದಕ್ಕೆ, ಹಿಂದಕ್ಕೆ ನಿಲ್ಲಿಸಿ ನೋಡುತ್ತಿದ್ದೆ. ಎಣ್ಣೆಯ ಬ್ರೇಕು ಬಂತು, ಗಾಳಿಯ ಬ್ರೇಕು ಬಂತು, ಯಂತ್ರದ ಮೇಲೆ ಚಕ್ರವಿಟ್ಟು ಮುಳ್ಳು ನೋಡುವ ಪರೀಕ್ಷೆಯೂ ಬಂತು. ನಾನು ಅದನ್ನು ಬಿಡಲಿಲ್ಲ. ಡ್ರೈವರ್ ಜಾರುತ್ತದೆ ಎಂದರೆ ಕೆಲಸ ನಿಲ್ಲಿಸಿ, ಅವನ ಪಕ್ಕದಲ್ಲಿ ಕೂತು, ಅವನು ಹೋಗುವ ದಾರಿಯಲ್ಲೇ ಹೋಗುತ್ತಿದ್ದೆ. ಇದರಿಂದ ಎಷ್ಟು ಜನ ಉಳಿದರು ಎಂದು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಉಳಿಯದವರು ಗೊತ್ತು.

ಇದಕ್ಕೆಲ್ಲ ಮೊದಲು, ಕಲ್ಲು ಕಿತ್ತ ಆ ದಿನಗಳಲ್ಲಿ, ಕೆರಿಯಪ್ಪನಿಗೆ ಹೇಳುವುದು ಬಾಕಿ ಇತ್ತು. ಅವನು ಜೈಲಿನಿಂದ ಬಂದು ಸೊರಬದಲ್ಲೇ ಇದ್ದಾನೆ ಎಂದು ಕೇಳಿ ಹೋದೆ. ಬೀಡಾಡಿ ದನಗಳನ್ನು ಕೂಡಿಹಾಕುವ ದೊಡ್ಡಿಯ ಕಾವಲು ಕೆಲಸ ಸಿಕ್ಕಿತ್ತು. ಎಡಗೈ ಮಡಚಿದ್ದು ಮಡಚಿದಂತೆಯೇ ಇತ್ತು. ಬಾಗಿಲಿನ ಪಕ್ಕ ಒಂದು ದಿಮ್ಮಿಯ ಮೇಲೆ ಕೂತಿದ್ದ.

"ಓಹೋ, ಮೇಸ್ತ್ರಿ ಬಂದ್ರು. ಎಂತ, ನಿನ್ನ ಎತ್ತು ಏನಾದ್ರೂ ಒಳಗೆ ಐತಾ?"

ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಡ್ರಮ್ಮು, ಚುಕ್ಕಿ, ಕಲ್ಲು, ಎತ್ತುಗಳು. ಒಂದನ್ನೂ ಬಿಡದೆ, ಈಗ ಬರೆದ ಹಾಗೆಯೇ ಹೇಳಿದೆ. ಅವನು ಸಿಟ್ಟಾಗುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

ಅವನು ಕೇಳಿದ. "ಹಂಗಾರೆ ನಾನು ತುಳಿದಿದ್ದು ಬಲಗಾಲಾಗೇ?"

"ಬಲಗಾಲಿನಿಂದಲೇ, ಕೆರಿಯಪ್ಪ."

"ನೀ ಹೇಳಿದ್ಯಲ ಆಸ್ಪತ್ರೇಲಿ, ಕ್ಲಚ್ಚು ಅಂತ. ಮೊದಮೊದಲು ಇಲ್ಲ ಅಂತಿದ್ದೆ ಮನಸ್ನಾಗೆ. ಜೈಲಾಗೆ ದಿನಾ ಅದೇ ನೆನಪು ಮಾಡ್ಕಂಡು ಮಾಡ್ಕಂಡು, ಕೊನೆಗೆ ಎಡಗಾಲು ತುಳಿದಿದ್ದೇ ಕಾಣಾಕೆ ಶುರುವಾತು. ಇವತ್ತಿನ ತನಕ ಅದೇ ಕಾಣ್ತಿತ್ತು ಮಾರಾಯ."

ಅವನು ಎಡಗಾಲನ್ನು ದಿಮ್ಮಿಯ ಕೆಳಗೆ ಸರಿಸಿಕೊಂಡ.

"ಅಮ್ಮ ಹಿಂದಿಂದ ಕೂಗಿದ್ರು," ಎಂದ. "ಬ್ರೇಕ್ ಹಾಕೋ ಕೆರ್ಯಾ, ಬ್ರೇಕ್ ಹಾಕೋ ಅಂತ. ಹಾಕೀನಿ ಅಮ್ಮಾ ಅಂದೆ. ನಾ ಸುಳ್ಳು ಹೇಳ್ತಾ ಇದೀನಿ ಅಂದ್ಕಂಡೇ ಹೋದ್ರು ಅವ್ರು."

ಒಳಗೆ ಒಂದು ಕರು ಒಂದೇ ಸಮನೆ ಕೂಗುತ್ತಿತ್ತು. ಅವನು ಅದರ ಕಡೆ ತಿರುಗಲಿಲ್ಲ. ತಲೆ ತಗ್ಗಿಸಿ ಕೂತಿದ್ದ. ನಾನು ಕೆಳಗೆ ನೋಡಿದೆ. ಅವನ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು. ಬೆರಳುಗಳು ಬಿಳಿಚಿದ್ದವು. ನಾನು ಎದ್ದು ಬರುವವರೆಗೂ ಅವನು ಆ ಕಾಲು ತೆಗೆಯಲಿಲ್ಲ.